ಕ್ಯಾಲೆಂಡರಿನ ಖಾಲಿ ಚೌಕಗಳು

ರಾಯಚೂರಲ್ಲಿ ಬೆಳಗಿನ ಆರೂವರೆ. ಆಗಲೇ ಬಿಸಿಲು ಏರುತ್ತಿದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ ಅಲ್ವಾ? ನಾನು ಕುರ್ಚಿಗೆ ಬೆನ್ನು ಕೊಟ್ಟು, ಎರಡೂ ಪಾದ ನೆಲಕ್ಕೆ ಊರಿ ಸುಮ್ನೆ ಕೂತಿದ್ದೇನೆ. ಐದು ನಿಮಿಷ ಹೀಗೇ. ಚಹಾ ಇನ್ನೂ ಕುಡಿದಿಲ್ಲ, ಗುಳಿಗೆಯೂ ತಗೊಂಡಿಲ್ಲ. ಆಮೇಲೆ ತೋಳಿಗೆ ಬಿಪಿ (ರಕ್ತದೊತ್ತಡ) ನೋಡುವ ಮಷೀನಿನ ಪಟ್ಟಿ ಸುತ್ತಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ಗುಂಡಿ ಒತ್ತುತ್ತೇನೆ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಎರಡೂ ನಂಬರನ್ನು ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ.

ಆ ಕ್ಯಾಲೆಂಡರನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮಾರ್ಚ್ ತಿಂಗಳ ಚೌಕಗಳೆಲ್ಲ ಖಾಲಿ. ಅದರ ಬಗ್ಗೆಯೇ ಇವತ್ತು ಹೇಳಬೇಕು.

ಹೋದ ವರ್ಷ ಮಗಳಿಗೆ ಜ್ವರ ಅಂತ ಡಾಕ್ಟರ ಹತ್ತಿರ ಹೋಗಿದ್ದೆ. ನಿಮ್ಮ ಬಿಪಿನೂ ನೋಡೋಣ ಅಂದರು. 162/100! ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಬೇರೆ ಬೇರೆ ದಿನ ನೋಡಿದರೂ 140/90ರ ಕೆಳಗೆ ಇಳಿಯಲೇ ಇಲ್ಲ. ಅಮ್ಲೋಡಿಪಿನ್ ಅನ್ನೋ ಬಿಪಿ ಗುಳಿಗೆ, 5 ಮಿಲಿಗ್ರಾಂ, ದಿನಕ್ಕೊಂದು ಶುರುವಾಯಿತು. ಎರಡು ತಿಂಗಳಿಗೆ 128/82. ವಾಸಿಯಾಯಿತು ಅಂದುಕೊಂಡೆ. ಪಕ್ಕದ ಮನೆ ಅಕ್ಕನೂ ಅಂದಳು, "ಆರಾಮ ಅದೀಯಲ್ಲ, ಇನ್ನ ಯಾಕ ಗುಳಿಗಿ? ಒಮ್ಮೆ ರೂಢಿ ಆದ್ರ ಬಿಡಂಗಿಲ್ಲ ಅದು." ಜೊತೆಗೆ ಸಂಜೆ ಹೊತ್ತಿಗೆ ಕಾಲು ಬಾತು ಚಪ್ಪಲಿ ಪಟ್ಟಿಯ ಗುರುತು ಬೀಳುತ್ತಿತ್ತು. ಯಾರನ್ನೂ ಕೇಳದೆ ಬಿಟ್ಟುಬಿಟ್ಟೆ. ಮಷೀನು ಕಪಾಟು ಸೇರಿತು, ಮಾರ್ಚ್ ಚೌಕಗಳು ಖಾಲಿ ಉಳಿದವು. ಐದು ವಾರಕ್ಕೆ 158/98.

ಡಾಕ್ಟರು ಬೈಯಲಿಲ್ಲ. "ನಂಬರ್ ಇಳಿದಿದ್ದೇ ಗುಳಿಗಿಯಿಂದ ನೋಡಮ್ಮಾ. ಅದು ರಕ್ತನಾಳ ಸಡಿಲ ಮಾಡಿ ಇಟ್ಟಿತ್ತು. ನೀ ಬಿಟ್ಟಿ, ಅವು ಮತ್ತ ಬಿಗಿದ್ವು" ಅಂದರು. ಕಾಲಿನ ಬಾವು ಆ ಗುಳಿಗೆಯಿಂದ ಕೆಲವರಿಗೆ ಆಗುತ್ತದಂತೆ. ಹೇಳಿದ್ದೇ ತಡ, ಟೆಲ್ಮಿಸಾರ್ಟನ್ ಅನ್ನೋ ಬೇರೆ ಬಿಪಿ ಗುಳಿಗೆಗೆ ಬದಲಿಸಿದರು. ಕಿಡ್ನಿ, ಪೊಟ್ಯಾಸಿಯಂ ನೋಡಲು ರಕ್ತ ಪರೀಕ್ಷೆಗೂ ಬರೆದುಕೊಟ್ಟರು. ಮೊದಲೇ ಬಾಯಿಬಿಟ್ಟಿದ್ದರೆ ಆ ಐದು ವಾರ ನನ್ನ ಹೃದಯ, ಕಿಡ್ನಿಗೆ ಸುಮ್ಮನೆ ಪೆಟ್ಟು ಬೀಳುತ್ತಿರಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಈಗ ಅಡುಗೆಮನೆಗೆ ಬನ್ನಿ. ಅವ್ವನ ಜೋಳದ ಹಿಟ್ಟಿಗೆ ಉಪ್ಪೇ ಬೀಳುವುದಿಲ್ಲ. ಬಿಸಿನೀರು, ಹಿಟ್ಟು, ಅಷ್ಟೇ. ಉಪ್ಪೆಲ್ಲ ರೊಟ್ಟಿಯ ಪಕ್ಕದಲ್ಲಿ ಕೂತಿರುತ್ತದೆ. ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಸಂಜೆಗೆ ಒಗ್ಗರಣಿ ಮಿರ್ಚಿ. ಮಿರ್ಚಿಯ ಹಿಟ್ಟಿಗೆ ಹಾಕುವ ಸೋಡಾದಲ್ಲೂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಎಲ್ಲ ಸೇರಿ ಒಂದು ಚಹಾ ಚಮಚದಷ್ಟೂ ಇಲ್ಲ. "ಉಪ್ಪಿಲ್ಲದ್ದು ಹೆಂಗ ಉಣ್ಣಬೇಕು" ಅಂತ ಅವ್ವ ಮುನಿಸಿಕೊಂಡಿದ್ದಳು. ದಾರಿ ಕಂಡುಹಿಡಿದವಳೂ ಅವಳೇ. ಪುಂಡಿಪಲ್ಯಕ್ಕೆ ಅದರದೇ ಹುಳಿ ಇದೆ, ಮೇಲೆ ಹಸಿ ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಅರ್ಧ ಉಪ್ಪಿಗೇ ರುಚಿ ಸಾಕಾಯಿತು. ಒಂದು ಮಾತು, ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಹೆಚ್ಚಾಗಿ ಪೊಟ್ಯಾಸಿಯಂ ಇರುತ್ತದೆ. ನನ್ನ ಹಾಗೆ ಟೆಲ್ಮಿಸಾರ್ಟನ್‌ನಂಥ ಗುಳಿಗೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ತರಬೇಡಿ. ಮೊಣಕಾಲು ನೋವಿನ ಗುಳಿಗೆಯೂ ಹಾಗೇ, ಕೆಲವು ಬಿಪಿ ಏರಿಸುತ್ತವೆ.

ಬಿಸಿಲು ಜಾಸ್ತಿ ಆಗುವ ಮೊದಲು ಮಾವಿನಕೆರೆ ಕಡೆ ಅರ್ಧ ಗಂಟೆ ನಡೆದು ಬರುತ್ತೇನೆ.

ಹಾಂ, ಮಷೀನು ನಿಂತಿತು. 126/80. ಬರೆದುಕೊಂಡೆ. ಇನ್ನು ಗುಳಿಗೆ, ಆಮೇಲೆ ಅವ್ವನ ಬಿಸಿ ರೊಟ್ಟಿ. ಸಂಜೆ ಇನ್ನೊಮ್ಮೆ ನೋಡಬೇಕು.