ಸನ್ಮಾನ ಬೇಡ, ಡಿಸೆಂಬರ್‌ನಲ್ಲೇ ಆರ್ಡರ್ ಕೊಡಿ

ನಮಸ್ಕಾರ. ಜೂನ್ 5 ಹತ್ತಿರ ಬಂತು ಅಂದರೆ ಬೆಂಗಳೂರಿನ ಕಂಪನಿಗಳಿಗೆ ಇದ್ದಕ್ಕಿದ್ದಂತೆ ಸಸಿ ಬೇಕಾಗುತ್ತದೆ. ಪರಿಸರ ದಿನ ಅಲ್ವಾ! ಮೇ ಕೊನೆಯಲ್ಲಿ ಫೋನ್ ಮಾಡಿ "ನಾಳಿದ್ದು ಸಾವಿರ ಗಿಡ ಕಳಿಸಿ" ಅನ್ನುತ್ತಾರೆ. ಅಷ್ಟು ಅವಸರಕ್ಕೆ ಒದಗುವವನು ದೊಡ್ಡ ವ್ಯಾಪಾರಿ ಮಾತ್ರ. ನರ್ಸರಿಗಳಿಗೇ ಹೆಸರಾದ ಆಂಧ್ರದ ಕಡಿಯಂನಿಂದ ಲಾರಿ ತರಿಸಿಬಿಡುತ್ತಾನೆ. ಮಾಗಡಿಯಲ್ಲೋ ದೊಡ್ಡಬಳ್ಳಾಪುರದಲ್ಲೋ ಸಸಿ ಸಾಕುವ ಸಂಘದ ಹೆಂಗಸರಿಗೆ ಆ ಫೋನ್ ಹೋಗುವುದೇ ಕಡಿಮೆ.

ಹಳ್ಳಿ ಹೆಂಗಸರಿಗೆ ನರ್ಸರಿ ಏಕೆ ಒಳ್ಳೆಯ ದಾರಿ ಅಂತೀರಾ? ಜಮೀನಿನ ಲೆಕ್ಕ ನೋಡಿ. ನಮ್ಮ ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲು ಜನ ಕೃಷಿಯಲ್ಲೇ ಇದ್ದಾರೆ. ಆದರೆ 2015-16ರ ಕೃಷಿ ಗಣತಿಯ ಪ್ರಕಾರ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟಿತು. ಕಾನೂನು ಬಂತು, ಪಹಣಿಯಲ್ಲಿ ಹೆಸರು ಬರಲಿಲ್ಲ. ನರ್ಸರಿಗೆ ಎಕರೆಗಟ್ಟಲೆ ಬೇಡ. ಹಿತ್ತಲು, ನೀರು, ಒಂದಿಷ್ಟು ಶೇಡ್ ನೆಟ್ ಇದ್ದರೆ ಶುರು ಮಾಡಬಹುದು.

ಆದರೆ ದುಡ್ಡು ಮಾತ್ರ ಮತ್ತೆ ಪಹಣಿ ಹಿಂದೆಯೇ ಹೋಗುತ್ತದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನೇ ತಗೊಳ್ಳಿ. ಒಳ್ಳೆಯ ಯೋಜನೆ, ಬೇಡ ಅನ್ನುತ್ತಿಲ್ಲ. ನೆಟ್ಟ ಸಸಿ ಬದುಕಿದರೆ ಮೂರು ವರ್ಷದಲ್ಲಿ ಸಸಿಗೆ 125 ರೂಪಾಯಿ. ಯಾರಿಗೆ? ಜಮೀನು ಯಾರ ಹೆಸರಲ್ಲಿದೆಯೋ ಅವರಿಗೆ. ನರ್ಸರಿಯಲ್ಲಿ ಕವರ್‌ಗೆ ಮಣ್ಣು ತುಂಬಿ, ಕಳೆ ಕಿತ್ತು, ಅದನ್ನು ಬದುಕುವ ಹಾಗೆ ಮಾಡಿದವಳಿಗೆ ದಿನಗೂಲಿ. ತುಳಸಿ ಗೌಡ ಅವರು 2021ರಲ್ಲಿ ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತಗೊಂಡಾಗ ನಾವೆಲ್ಲ ಫೋಟೋ ಹಂಚಿಕೊಂಡೆವು. ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಗೆ ದುಡಿದದ್ದನ್ನು ಎಷ್ಟು ಜನ ಹೇಳಿದೆವು?

ಕೀನ್ಯಾದಲ್ಲಿ ವಂಗಾರಿ ಮಾಥಾಯ್ 1977ರಲ್ಲಿ ಶುರು ಮಾಡಿದ ಗಿಡ ನೆಡುವ ಚಳವಳಿ ಬೇರೆ ರೀತಿ ನಡೆಯಿತು. ಅಲ್ಲಿ ಬದುಕಿದ ಸಸಿಯ ಲೆಕ್ಕದಲ್ಲಿ ಹೆಂಗಸರ ಕೈಗೇ ಹಣ ಬರುತ್ತಿತ್ತು. ಚಿಕ್ಕ ಮೊತ್ತವೇ, ಆದರೆ ಅವರದು.

ಇಲ್ಲಿ ಆಗುತ್ತಿರುವುದೇನು? ಸಂಘದವರನ್ನು ಕೂರಿಸಿ ಎರಡು ದಿನ ತರಬೇತಿ, ಒಂದು ಸರ್ಟಿಫಿಕೇಟ್, ಗ್ರೂಪ್ ಫೋಟೋ. ಹೊಂಗೆ ಬೀಜ ಹೇಗೆ ಬಿತ್ತಬೇಕು ಅಂತ ಅವರಿಗೆ ಹೇಳಿಕೊಡಬೇಕಾ? ಕಲಿಸುವುದಾದರೆ ಹಲಸು, ಮಾವಿನ ಕಸಿ ಕಲಿಸಿ. ಬೀಜದ ಸಸಿಗಿಂತ ಕಸಿ ಗಿಡಕ್ಕೆ ಬೆಲೆ ಜಾಸ್ತಿ. ಅದಕ್ಕೆ ಎರಡು ದಿನ ಸಾಲದು. ಕೈ ಪಳಗಬೇಕು, ಕಟ್ಟಿದ ಕಸಿ ಒಣಗಿದರೆ ಮತ್ತೆ ಕಟ್ಟಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ಪಕ್ಕದಲ್ಲೇ ಇದೆ.

ಅದಕ್ಕಿಂತ ಮೊದಲು ಬೇಕಾದದ್ದು ಆರ್ಡರ್. ಮುಂಗಾರಿಗೆ ನೆಡುವಷ್ಟು ಎತ್ತರ ಬರಬೇಕಾದರೆ ತಿಂಗಳುಗಳ ಮೊದಲೇ ಕವರ್ ತುಂಬಬೇಕು. ಕೆಮ್ಮಣ್ಣು, ಮರಳು, ಗೊಬ್ಬರ, ಎಲ್ಲದಕ್ಕೂ ಮೊದಲೇ ದುಡ್ಡು. ಆಮೇಲೆ ಬೇಸಿಗೆಯ ನೀರು. ಕೊಳ್ಳುವವರು ಗೊತ್ತಿಲ್ಲದೆ ಇಷ್ಟೆಲ್ಲ ಹಾಕುವುದು ಜೂಜು. ಜೂನ್‌ನಲ್ಲಿ ಮಾರಾಟ ಆಗದ ಸಸಿಯ ಬೇರು ಕವರ್ ಒಳಗೇ ಸುತ್ತಿಕೊಳ್ಳುತ್ತದೆ. ಮುಂದಿನ ವರ್ಷ ಅದನ್ನು ಯಾರೂ ಮುಟ್ಟುವುದಿಲ್ಲ.

ಹಾಗಾಗಿ ಕಂಪನಿಗಳಲ್ಲಿ, ಅಪಾರ್ಟ್‌ಮೆಂಟ್ ಸಂಘಗಳಲ್ಲಿ ಇರುವವರಿಗೆ ಒಂದು ಮಾತು. ಜೂನ್ ಗಿಡಕ್ಕೆ ಡಿಸೆಂಬರ್‌ನಲ್ಲೇ ಹೆಂಗಸರ ಸಂಘದ ಜೊತೆ ಬರಹದಲ್ಲಿ ಮಾತಾಡಿ. ಯಾವ ಜಾತಿ, ಎಷ್ಟು ಎತ್ತರ, ಸಸಿಗೆ ಎಷ್ಟು. ಅರ್ಧ ಹಣ ಮುಂಗಡ, ಸಂಘದ ಖಾತೆಗೆ. ಉಳಿದದ್ದು ತಲುಪಿದ ದಿನ, ಚೆನ್ನಾಗಿರುವ ಸಸಿ ಎಣಿಸಿ ಕೊಡಿ. ಇಷ್ಟಕ್ಕೆ ಸರ್ಕಾರದ ಆದೇಶವೂ ಬೇಡ, ವೇದಿಕೆಯೂ ಬೇಡ.