ಹೂಮಳೆಗೂ ಹೂವಿಗೂ ನಡುವಿನ ಒಂದು ವಾರ

ಪರದೆಯ ಮೇಲೆ ನೀವು ನೋಡುತ್ತಿರುವ ಈ ಎರಡು ದೃಶ್ಯಗಳನ್ನು ಒಂದೇ ದಿನ, ಒಂದೇ ಜಾಗದಲ್ಲಿ ನಿಂತು ಚಿತ್ರೀಕರಿಸಿದ್ದೇನೆ. ಮೊದಲನೆಯದರಲ್ಲಿ ಮಂಜು ತೋಟದ ಬೇಲಿಯವರೆಗೂ ಇಳಿದಿದ್ದು, ಎದುರಿನ ಸಿಲ್ವರ್ ಓಕ್ ಮರಗಳೂ ಕಾಣುತ್ತಿಲ್ಲ. ಎರಡನೆಯದರಲ್ಲಿ ನಡುಮಧ್ಯಾಹ್ನದ ಬಿಸಿಲು, ಒಣಗಿ ಮುರುಟಿದ ಕಾಫಿ ಎಲೆಗಳು, ದೂರದಲ್ಲಿ ತಡಿಯಂಡಮೋಳ್ ಬೆಟ್ಟದ ಸಾಲು. ಸಂಜೆಯ ದೃಶ್ಯ ಮಾತ್ರ ಇಲ್ಲ, ಏಕೆಂದರೆ ಆ ಹೊತ್ತಿಗೆ ಗುಡುಗು ಶುರುವಾಗಿ ಕ್ಯಾಮೆರಾವನ್ನು ಒಳಗೆ ಸಾಗಿಸಬೇಕಾಯಿತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿಯಿರಬಹುದು. ಕೊಡಗಿನ ನಾಪೋಕ್ಲು ಕಡೆಯ ನಮ್ಮ ಊರಿನಲ್ಲಿ ಚಳಿ ಹಗಲಿಗೆ ಮಾತ್ರ ರಜೆ ಹಾಕಿ, ರಾತ್ರಿಯಾಗುತ್ತಲೇ ಹಾಜರಾಗುತ್ತದೆ.

ಮಾರ್ಚ್ ನಡುವಿನ ಇಂಥದೊಂದು ವಾರವನ್ನು ಈ ವಿಡಿಯೊದಲ್ಲಿ ತೋರಿಸುತ್ತಿದ್ದೇನೆ. ಪ್ರವಾಸಕ್ಕೆ ಬಂದವರಿಗೆ ಇದು ಛತ್ರಿ ತರಬೇಕೇ ಬೇಡವೇ ಎಂಬಷ್ಟರ ಪ್ರಶ್ನೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಬೆಳೆಯುವ ಈ ಜಿಲ್ಲೆಯವರಿಗಾದರೋ, ಮುಂದಿನ ವರ್ಷದ ಫಸಲು ಎಷ್ಟು ಎಂಬುದು ಬಹುಮಟ್ಟಿಗೆ ಇಂಥ ದಿನಗಳಲ್ಲೇ ತೀರ್ಮಾನವಾಗುತ್ತದೆ.

ಭಾನುವಾರ ಸಂಜೆ ಬಿದ್ದದ್ದು ನಮ್ಮ ತೋಟದ ಪಾಲಿಗೆ ಈ ಬೇಸಿಗೆಯ ಮೊದಲ ಮಳೆ, ಕಾಫಿಯ ಮೊಗ್ಗನ್ನು ಅರಳಿಸುವ ಹೂಮಳೆ. ಮಳೆ ನಿಂತ ಹತ್ತೇ ನಿಮಿಷದಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಎಲ್ಲರದೂ ಒಂದೇ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಸೆಂಟು?" ಸರ್ಕಾರಿ ಲೆಕ್ಕದಲ್ಲಿ ಮಳೆ ಮಿಲಿಮೀಟರಿಗೆ ಬದಲಾಗಿ ಎಷ್ಟೋ ಕಾಲವಾಯಿತು, ಆದರೆ ತೋಟದ ಬಾಯಲ್ಲಿ ಅದು ಇಂದಿಗೂ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25 ಮಿಲಿಮೀಟರಿಗೆ ತುಸು ಹೆಚ್ಚು. ರೋಬಸ್ಟಾ ಕಾಫಿ ಗಿಡದ ಮೊಗ್ಗು ಒಡೆಯಬೇಕಾದರೆ ಹೆಚ್ಚುಕಡಿಮೆ ಅಷ್ಟು ಮಳೆ ಬೇಕು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಒಣಹವೆಯಲ್ಲಿ ಬಾಯಾರಿ, ಬೆಳವಣಿಗೆ ನಿಲ್ಲಿಸಿ ಕುಳಿತ ಮೊಗ್ಗು, ಒಮ್ಮೆಲೇ ನೀರು ಸಿಕ್ಕಿ ಗಾಳಿಯೂ ತಂಪಾದಾಗ ಮತ್ತೆ ಬೆಳೆಯತೊಡಗಿ, ಏಳೆಂಟು ದಿನಗಳಲ್ಲಿ ಅರಳುತ್ತದೆ. ಮಳೆ ಅರೆಬರೆಯಾದರೆ ಮೊಗ್ಗೂ ಅರೆಬರೆಯಾಗಿ ಊದಿ, ಹೂವಾಗದೆ ಕಮರುತ್ತದೆ. ಹಾಗಾಗಿ ಬರುವುದಾದರೆ ಸರಿಯಾಗಿ ಬರಲಿ, ಇಲ್ಲವಾದರೆ ಬರುವುದೇ ಬೇಡ ಎಂದು ಇಲ್ಲಿನವರು ಹೇಳುವುದನ್ನು ನೀವು ಕೇಳಿದರೆ ಅದನ್ನು ಸೊಕ್ಕು ಎಂದು ತಿಳಿಯಬೇಡಿ.

ನಮ್ಮ ಮಾಪಕದಲ್ಲಿ ಇಂಚು ದಾಟಿತ್ತು. ಎರಡು ಕಿಲೋಮೀಟರು ಆಚೆ, ಗುಡ್ಡದ ಮಗ್ಗುಲಿನ ತೋಟದಲ್ಲಿ ದೂಳು ಅಡಗುವಷ್ಟೂ ಬಿದ್ದಿರಲಿಲ್ಲ. ಜೂನ್–ಜುಲೈನ ಮುಂಗಾರಿಗೆ ಒಂದು ಶಿಸ್ತು ಇದೆ: ಭಾಗಮಂಡಲ, ಗಾಳಿಬೀಡು ಕಡೆ ಸುರಿದು, ಪೂರ್ವಕ್ಕೆ ಕುಶಾಲನಗರ ತಲಪುವಾಗ ಬಡಕಲಾಗುತ್ತದೆ. ಬೇಸಿಗೆಯ ಮಳೆಗೆ ಆ ಶಿಸ್ತಿಲ್ಲ. ಬೆಳಗ್ಗೆಯಿಡೀ ಬಿಸಿಲಿಗೆ ಕಾದ ಬೆಟ್ಟದ ಇಳಿಜಾರಿನಿಂದ ಗಾಳಿ ಮೇಲೇಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಅರಬ್ಬಿ ಸಮುದ್ರದ ಕಡೆಯ ತೇವಾಂಶ ಘಟ್ಟ ಏರಿ ಬಂದು ಅದರೊಂದಿಗೆ ಸೇರುತ್ತದೆ, ಎಲ್ಲಿ ಆ ಏರಿಕೆ ಬಲವಾಗಿದೆಯೋ ಅಲ್ಲಿ ಮಾತ್ರ ಮೋಡ ಗೋಪುರದಂತೆ ಬೆಳೆದು ತನ್ನ ಬುಡದಲ್ಲಿರುವ ಕಣಿವೆಗೆ ಸುರಿದು ಮುಗಿಯುತ್ತದೆ. ಫೋನಿನ ಹವಾಮಾನ ಆ್ಯಪ್ ಇಡೀ ಮಡಿಕೇರಿಗೆ ಒಂದು ಮೋಡದ ಚಿತ್ರ ತೋರಿಸಿ ಕೈತೊಳೆದುಕೊಳ್ಳುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯವು ಅಳವಡಿಸಿರುವ ಸ್ವಯಂಚಾಲಿತ ಮಳೆಮಾಪಕಗಳು ಎಷ್ಟೋ ಮೇಲು. ಆದರೂ ತಮ್ಮ ಅಂಗಳದ ಮಾಪಕವನ್ನು ಬಿಟ್ಟು ಬೇರೆಯದನ್ನು ನಂಬುವ ಬೆಳೆಗಾರರನ್ನು ನಾನು ಕಂಡಿಲ್ಲ.

ಸೋಮವಾರ ಬೆಳಗ್ಗೆ ಚಿತ್ರೀಕರಿಸಿದ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದೇ ರಸ್ತೆಯ ಅಕ್ಕಪಕ್ಕದ ಮೂರು ತೋಟಗಳು ಇಲ್ಲಿವೆ. ಮೂರಕ್ಕೂ ಸಿಕ್ಕಿದ್ದು ಅದೇ ಭಾನುವಾರದ ಮಳೆ. ಎಡಗಡೆಯ ತೋಟದಲ್ಲಿ ದೊಡ್ಡ ಕೆರೆಯಿದೆ. ಅವರು ಆಕಾಶವನ್ನು ಕಾಯದೆ ಫೆಬ್ರವರಿಯಲ್ಲೇ ಸ್ಪ್ರಿಂಕ್ಲರ್ ಹಾಕಿ ಹೂವು ಅರಳಿಸಿದ್ದರು. ಹೂವಾದ ಹದಿನೈದು ಇಪ್ಪತ್ತು ದಿನಕ್ಕೆ ಎಳೆಗಾಯಿ ಉಳಿಯಲು ಮತ್ತೊಂದು ನೀರು ಬೇಕು, ಅದನ್ನು ಇಲ್ಲಿ ಬ್ಯಾಕಿಂಗ್ ಎನ್ನುತ್ತಾರೆ. ಈ ಮಳೆ ಅವರಿಗೆ ಸರಿಯಾಗಿ ಬ್ಯಾಕಿಂಗ್ ಆಗಿ ಒದಗಿ, ಎರಡನೆಯ ಸುತ್ತಿನ ಡೀಸೆಲ್ ಖರ್ಚನ್ನು ಪೂರ್ತಿ ಉಳಿಸಿತು. ನಡುವಿನ ತೋಟದವರು ಸ್ಪ್ರಿಂಕ್ಲರ್ ಹಾಕಿದ್ದು ತಡವಾಗಿ, ಆದ್ದರಿಂದ ಅವರ ಹೂವು ಅರಳಿದ್ದು ಇದೇ ಭಾನುವಾರದ ಬೆಳಗ್ಗೆ. ಕಾಫಿಯ ಇನ್ನೊಂದು ಬಗೆಯಾದ ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು, ಆದರೆ ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು, ಅದನ್ನು ಗಾಳಿ ಮತ್ತು ಜೇನುನೊಣಗಳು ತಂದುಕೊಡಬೇಕು. ಅರಳಿದ ದಿನವೇ ಮಳೆ ಹೊಡೆದರೆ ಪರಾಗ ತೊಳೆದುಹೋಗಿ, ಹೂವುಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಈಗ ಕಾಣುತ್ತಿರುವ ಈ ಕಂದು ಗೊಂಚಲುಗಳು ಅವೇ. ಆ ತೋಟದ ಹಿರಿಯರು ಗೊಂಚಲನ್ನು ಕೈಯಲ್ಲಿ ಹಿಡಿದು, "ಮಳೆಗೆ ಬೈಯಬಾರದು ಮಾರಾಯ, ಆದರೆ ಎರಡು ದಿನ ಕಾಯಬಹುದಿತ್ತು" ಎಂದಷ್ಟೇ ಹೇಳಿದರು.

ಬಲಗಡೆಯದು ನಮ್ಮದು. ಇಳಿಜಾರಿನ ತೋಟ, ಕೆರೆ ತೋಡುವ ಜಾಗವಿಲ್ಲ, ಆಕಾಶವೇ ಗತಿ. ನಮಗೆ ಹೂಮಳೆ ಸಿಕ್ಕಿದ ಸಂತೋಷವಿದ್ದರೂ, ಕಣದಲ್ಲಿ ಹರಡಿದ್ದ ಕರಿಮೆಣಸು ಟಾರ್ಪಾಲು ಹೊದಿಸುವಷ್ಟರಲ್ಲಿ ಅರ್ಧ ನೆನೆದಿತ್ತು. ಒಳ್ಳೆಯ ಬಿಸಿಲಿದ್ದರೆ ನಾಲ್ಕೈದು ದಿನದಲ್ಲಿ ಒಣಗುವ ಮೆಣಸು ಹೀಗೆ ನೆನೆದರೆ ಬೂಸ್ಟು ಹಿಡಿಯುತ್ತದೆ, ಅದಕ್ಕೆ ದರವೂ ಇಲ್ಲ, ಮರ್ಯಾದೆಯೂ ಇಲ್ಲ. ಮೆಣಸಿಗೆ ಬಿಸಿಲು, ಕಾಫಿಗೆ ಮಳೆ, ಎರಡನ್ನೂ ಒಂದೇ ತಿಂಗಳಲ್ಲಿ ಬೇಡುವ ನಮ್ಮ ಪ್ರಾರ್ಥನೆಯನ್ನು ನಮ್ಮ ಮಳೆದೇವರು ಇಗ್ಗುತಪ್ಪ ಹೇಗೆ ಅರ್ಥ ಮಾಡಿಕೊಳ್ಳುತ್ತಾನೋ ನಾನರಿಯೆ.

ಮಂಗಳವಾರ ಸುಡು ಬಿಸಿಲು. ಮೆಣಸನ್ನು ಮತ್ತೆ ಹರಡಿದ್ದು ಬಿಟ್ಟರೆ ಹೇಳುವಂಥದ್ದೇನೂ ಇಲ್ಲ. ಬುಧವಾರದ ಈ ತುಣುಕನ್ನು ಶನಿವಾರಸಂತೆ ಊರಿನ ಕಡೆಯ ಗೆಳೆಯರೊಬ್ಬರು ಕಳುಹಿಸಿದ್ದಾರೆ: ಅಂಗಳದ ತುಂಬ ಆಲಿಕಲ್ಲು, ಅದನ್ನು ಲೋಟಕ್ಕೆ ತುಂಬುತ್ತಿರುವ ಮಕ್ಕಳು, ಹಿಂದೆ ಹರಿದು ಜೋಲುತ್ತಿರುವ ಬಾಳೆ ಎಲೆಗಳು. ನಮ್ಮ ಅಕ್ಷಾಂಶದಲ್ಲಿ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಾಗುವುದು ಸಮುದ್ರಮಟ್ಟದಿಂದ ಸುಮಾರು 5 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಕಟ್ಟಿದ ಮಂಜುಗಡ್ಡೆ ಕರಾವಳಿಗೆ ಬೀಳುವ ದಾರಿಯಲ್ಲಿ ಕರಗಲು ಹೆಚ್ಚು ಸಮಯವಿರುತ್ತದೆ. ಸಾವಿರ ಮೀಟರ್ ಎತ್ತರದಲ್ಲಿರುವ ನಮಗೆ ಆ ದಾರಿ ಅಷ್ಟು ಗಿಡ್ಡವಾಗುತ್ತದೆ.

ಗುರುವಾರ ಮತ್ತು ಶುಕ್ರವಾರ ಮಂಜು ಹತ್ತು ಗಂಟೆಯವರೆಗೂ ಕದಲಲಿಲ್ಲ. ನೆನೆದ ನೆಲ, ಮೋಡವಿಲ್ಲದ ರಾತ್ರಿ, ಗಾಳಿಯಿಲ್ಲದ ಕಣಿವೆ, ಈ ಮೂರೂ ಸೇರಿದರೆ ಬೆಳಗಿನ ಜಾವಕ್ಕೆ ಮಂಜು ಕಟ್ಟುವುದು ಖಚಿತ. ಮಡಿಕೇರಿಯ ರಾಜಾಸೀಟಿನಲ್ಲಿ ಅದನ್ನು ನೋಡಲು ಜನ ಸಾಲುಗಟ್ಟುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಶುಕ್ರವಾರ ಕೆಲಸದ ನಿಮಿತ್ತ ಮಡಿಕೇರಿಯಿಂದ ಕುಶಾಲನಗರಕ್ಕೆ ಇಳಿದಾಗ, ಮೂವತ್ತು ಕಿಲೋಮೀಟರಿನ ಆ ದಾರಿಯಲ್ಲಿ ಸ್ವೆಟರು ತೆಗೆದು, ಕಿಟಕಿ ಇಳಿಸಿ, ಕೊನೆಗೆ ಎಳನೀರಿಗೆ ನಿಲ್ಲಬೇಕಾಯಿತು. ಎತ್ತರದ ವ್ಯತ್ಯಾಸ ಲೆಕ್ಕಕ್ಕೆ ಎರಡು ಡಿಗ್ರಿ ಮಾತ್ರ. ಉಳಿದದ್ದು ಮರದ ನೆರಳು ತಪ್ಪಿದ್ದರ ಫಲ.

ಈ ಮಳೆಯ ಇನ್ನೊಂದು ಪ್ರಯೋಜನ ಕಾಡಿನದು. ನಾಗರಹೊಳೆ ಮತ್ತು ಬ್ರಹ್ಮಗಿರಿ ಕಡೆ ಮಾರ್ಚ್ ಎಂದರೆ ಕಾಳ್ಗಿಚ್ಚಿನ ಭಯದ ತಿಂಗಳು. ಅರಣ್ಯ ಇಲಾಖೆಯವರು ಕಿಚ್ಚು ಹಬ್ಬದಂತೆ ಒಣಹುಲ್ಲು, ತರಗೆಲೆ ತೆಗೆದು ಮೊದಲೇ ಬೆಂಕಿರೇಖೆ ಎಳೆದಿದ್ದರೂ, ಒಂದು ಇಂಚು ಮಳೆ ಕೊಡುವ ನೆಮ್ಮದಿಯೇ ಬೇರೆ.

ಶನಿವಾರ ಸಂಜೆ ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟಿದಾಗ, ಬರಬಾರದು ಎಂದು ಮಳೆಗೆ ಬೇಡಿಕೊಳ್ಳುವ ಸರದಿ ನಮ್ಮದಾಯಿತು. ಮೊಗ್ಗುಗಳು ಬೆಳ್ಳಗಾಗಿ, ಮೇಣದ ಬತ್ತಿಯ ತುದಿಯಂತೆ ನಿಂತಿದ್ದವು. ಒಂದಷ್ಟು ಗುಡುಗಿ, ಮೋಡ ಕಕ್ಕಬ್ಬೆಯ ಕಡೆಗೆ ಸರಿಯಿತು. ಸೋಮವಾರ ಬೆಳಗ್ಗೆ ತೋಟ ಅರಳಿತು. ಮಲ್ಲಿಗೆಯನ್ನು ಹೋಲುವ ಆ ಪರಿಮಳವನ್ನು ವಿಡಿಯೊದಲ್ಲಿ ತೋರಿಸಲು ಸಾಧ್ಯವಿಲ್ಲ, ಆದರೆ ಸದ್ದನ್ನು ಕೇಳಿಸಬಹುದು. ಹಿನ್ನೆಲೆಯ ಸಂಗೀತವನ್ನು ಇಲ್ಲಿ ತೆಗೆದಿದ್ದೇನೆ. ಕೇಳುತ್ತಿರುವುದೆಲ್ಲ ತುಡುವೆ ಮತ್ತು ಹೆಜ್ಜೇನು. ಮಂಜು ಬೇಗ ಕರಗಿ ಬಿಸಿಲು ಬಂದದ್ದರಿಂದ ಜೇನು ಎಂಟು ಗಂಟೆಗೇ ಕೆಲಸಕ್ಕೆ ಇಳಿದಿತ್ತು.

ಇನ್ನು ನಮಗೆ ಬೇಕಿರುವುದು ಬ್ಯಾಕಿಂಗ್ ಮಳೆ, ಅದೂ ಏಪ್ರಿಲ್ ಮೊದಲ ವಾರದೊಳಗೆ. ಕೆರೆಯಿರುವ ನೆರೆಯವರು, ಮಳೆ ಕೈಕೊಟ್ಟರೆ ತಮ್ಮ ಪಂಪಿನಿಂದ ಎರಡು ದಿನ ನೀರು ಬಿಡುವುದಾಗಿ ಹೇಳಿದ್ದಾರೆ. ಪೈಪು ಮತ್ತು ಡೀಸೆಲ್ ನಮ್ಮದು.