ಗೀಚಿಸಲು ಫೀಸೇ? ಹೌದು ಸ್ವಾಮಿ, ಗೀಚಿಸಲಿಕ್ಕೇ!

ನಮಸ್ಕಾರ. ಮುಂಬೈ ಬಳಿಯ ಡೊಂಬಿವಲಿಯ ನನ್ನ ಸ್ಟುಡಿಯೋದಿಂದ, ಅಂದರೆ ಮಲಗುವ ಕೋಣೆಯಿಂದ ಮಾತನಾಡುತ್ತಿದ್ದೇನೆ. ನಡುವೆ ಕುಕ್ಕರ್ ಕೂಗಿದರೆ ಕ್ಷಮಿಸಿ. ಚಾನೆಲ್‌ಗೆ ಚಂದಾದಾರರಾಗದವರು ಈಗಲೇ ಆಗಿಬಿಡಿ, ಸಿಟ್ಟು ಏರಿದ ಮೇಲೆ ಕೇಳಲು ನನಗೆ ನೆನಪಿರುವುದಿಲ್ಲ.

ಕಳೆದ ಸಂಚಿಕೆಯ ಕೆಳಗೆ ಒಬ್ಬ ತಂದೆ ಬರೆದಿದ್ದಾರೆ. ಲಕ್ಷಗಟ್ಟಲೆ ಕಟ್ಟಿ ಮಗಳನ್ನು ಗ್ರಾಫಿಕ್ ಡಿಸೈನ್‌ಗೆ ಸೇರಿಸಿದರೆ, ಮೇಷ್ಟ್ರು ನಾಲ್ವರನ್ನು ಒಂದು ಹಾಳೆಯ ಸುತ್ತ ಕೂರಿಸಿ ಗೀಚಿಸುತ್ತಾರಂತೆ. ಅದಕ್ಕಿಂತ ಹೌಸಿ, ಅಂದರೆ ತಂಬೋಲಾ, ಆಡಿಸಿ ಎಂದು ಸಲಹೆ ಬೇರೆ!

ಸ್ವಾಮಿ, ಆ ಗೀಚುವ ಆಟವೇ ಪಾಠ. ಹಾಳೆಯ ಮೇಲೆ ಮೂಡುವ ಚಿತ್ರ ಯಾರಿಗೆ ಬೇಕು? ಪಾಠ ಇರುವುದು ನಿಯಮದಲ್ಲಿ.

ಮೊನ್ನೆ ನಾನು ಆಡಿಸಿದ್ದನ್ನೇ ಹೇಳುತ್ತೇನೆ. ನಾಲ್ಕು ಮಕ್ಕಳು, ನಾಲ್ಕು ಬಣ್ಣದ ಪೆನ್ನು, ಒಂದೇ ಹಾಳೆ. ಒಬ್ಬ ಹುಡುಗಿ ನಿಯಮ ಬರೆದಳು: ನಿನ್ನ ಸರದಿ ಬಂದಾಗ ಹಿಂದಿನವರ ವೃತ್ತಕ್ಕೆ ತಾಗುವಂತೆ ಒಂದು ಸಣ್ಣ ವೃತ್ತ ಬರೆ, ಮಾತನಾಡಬೇಡ. ಮೂವರು ನಾಣ್ಯದಷ್ಟು ಬರೆದರು. ನಾಲ್ಕನೆಯವನು ಪೂರಿಯಷ್ಟು ಬರೆದ. ಮೂರು ಸುತ್ತಿಗೆ ಹಾಳೆ ತುಂಬಿತು, ಜಗಳ ಶುರುವಾಯಿತು. ಅವನ ವಾದ ಒಂದೇ: ಸಣ್ಣದು ಎಂದರೆ ಎಷ್ಟು ಎಂದು ನೀನೆಲ್ಲಿ ಬರೆದಿದ್ದೆ? ಅವಳು ‘ಸಣ್ಣ’ವನ್ನು ಹೊಡೆದು ಹಾಕಿ ‘ಎರಡು ರೂಪಾಯಿ ನಾಣ್ಯದಷ್ಟು’ ಎಂದು ತಿದ್ದಿದಳು. ಹಳೆಯ ನಾಣ್ಯವೋ ಹೊಸದೋ ಎಂದು ನಾನು ಕೇಳಿದೆ. ಅವಳಿಗೆ ಅಳುವುದೊಂದು ಬಾಕಿ.

ಆ ಅರ್ಧ ಗಂಟೆಯಲ್ಲಿ ಅವಳು ಕಲಿತದ್ದನ್ನು ಯಾವ ಸಾಫ್ಟ್‌ವೇರ್ ಕಲಿಸುತ್ತದೆ? ನಾಳೆ ಅವಳು ಒಂದು ಕಂಪನಿಯ ಲೋಗೋ ಬಳಕೆಯ ಕೈಪಿಡಿ ಬರೆಯುತ್ತಾಳೆ. ಅದನ್ನು ಪಾಲಿಸುವವನು ಅವಳು ಎಂದೂ ಕಾಣದ ಯಾವುದೋ ಊರಿನ ಫ್ಲೆಕ್ಸ್ ಮುದ್ರಕ. ಅಲ್ಲಿಯೂ ‘ಸುತ್ತ ಸ್ವಲ್ಪ ಜಾಗ ಬಿಡಿ’ ಎಂದು ಬರೆಯಬೇಕೇ?

ಇದು ನನ್ನ ತಲೆಯಿಂದ ಉದುರಿದ್ದಲ್ಲ. ಆಮ್‌ಸ್ಟರ್‌ಡ್ಯಾಮಿನ ವಿನ್ಯಾಸಕಿ ಲೂನಾ ಮೌರರ್ ಮತ್ತು ಮೂವರು ಸಂಗಡಿಗರು 2008ರಲ್ಲಿ ‘ಕಂಡೀಷನಲ್ ಡಿಸೈನ್’, ಅಂದರೆ ನಿಯಮ ಹಾಕಿಕೊಂಡು ಮಾಡುವ ವಿನ್ಯಾಸ, ಎಂಬ ಹೆಸರಿನಲ್ಲಿ ಪ್ರಣಾಳಿಕೆಯನ್ನೇ ಹೊರಡಿಸಿ, ಮೇಜಿನ ಸುತ್ತ ಕೂತು ಇಂಥವೇ ಆಟ ಆಡಿದರು. ಅದಕ್ಕೂ ಮೊದಲು ಅಮೆರಿಕದ ಕಲಾವಿದ ಸಾಲ್ ಲೆವಿಟ್ 1968ರಿಂದ ಗೋಡೆ ಚಿತ್ರಗಳಿಗೆ ಸೂಚನೆ ಬರೆದರು, ಬಿಡಿಸಿದವರು ಹೆಚ್ಚಾಗಿ ಬೇರೆಯವರು. ಅವರು 2007ರಲ್ಲಿ ತೀರಿಕೊಂಡರು, ಗೋಡೆಗಳು ಈಗಲೂ ತುಂಬುತ್ತಿವೆ. ಹೇಗೆ? ನಿಯಮ ಉಳಿದಿದೆ!

ವಿದೇಶದ ಮಾತು ಬೇಡವೇ? ನಿಮ್ಮ ಡಬ್ಬಾವಾಲನ ಡಬ್ಬಿಯ ಮುಚ್ಚಳ ನೋಡಿ. ಬಣ್ಣ, ಅಕ್ಷರ, ಅಂಕಿ. ಒಬ್ಬ ಮನೆಯಿಂದ ತರುತ್ತಾನೆ, ಇನ್ನೊಬ್ಬ ಸ್ಟೇಷನ್ನಿನಲ್ಲಿ ವಿಂಗಡಿಸುತ್ತಾನೆ, ಮತ್ತೊಬ್ಬ ಕಚೇರಿಗೆ ಮುಟ್ಟಿಸುತ್ತಾನೆ. ನಿಮ್ಮ ಹುಳಿಯನ್ನ ದಾರಿ ತಪ್ಪದಿರುವುದು ಆ ಮುಚ್ಚಳದ ನಿಯಮದಿಂದ, ಡಬ್ಬಿಯ ಅಂದದಿಂದಲ್ಲ.

ನಿಯಮ ಹಾಕಿದರೆ ಸೃಜನಶೀಲತೆ ಸಾಯುತ್ತದೆ ಎನ್ನುವ ಇನ್ನೊಂದು ಪಂಗಡವಿದೆ. ಭಲೇ! ಮೂರು ಮಾತ್ರೆ, ನಾಲ್ಕು ಮಾತ್ರೆ ಎಂದು ಎಣಿಸಿ ಭಾಮಿನಿಯಲ್ಲಿ ಭಾರತ ಬರೆದ ಕುಮಾರವ್ಯಾಸನಿಗೆ ಹೋಗಿ ಹೇಳಿ. ನಿಮ್ಮ ಅಜ್ಜಿ ಚುಕ್ಕಿ ಎಣಿಸಿ ರಂಗೋಲಿ ಎಳೆದಾಗ ಏನು ಸತ್ತಿತ್ತು? ಕಂಪ್ಯೂಟರೇ ಎಲ್ಲ ಬಿಡಿಸುತ್ತದೆ ಎನ್ನುವವರಿಗೆ ಉತ್ತರ ಕೊಡುವುದಿಲ್ಲ. ಅದಕ್ಕೆ ಏನು ಬೇಕೆಂದು ಬರೆದು ಹೇಳುವವರು ಯಾರು? ಪೂರಿಯಷ್ಟು ಬರೆದವನೇ? ಕೊಟ್ಟೇಬಿಟ್ಟೆ ಉತ್ತರ.

ಅಂದಹಾಗೆ, ಮಾಟುಂಗಾದಲ್ಲಿ ಭಾನುವಾರ ನನ್ನ ಕಮ್ಮಟವಿದೆ. ಪೆನ್ನು ನನ್ನದು, ಫಿಲ್ಟರ್ ಕಾಫಿ ನಿಮ್ಮ ಖರ್ಚು. ಆ ತಂದೆಯವರಿಗೆ ಮಾತ್ರ ಕಾಫಿಯೂ ನನ್ನದೇ. ಬನ್ನಿ ಸ್ವಾಮಿ, ಮೂವರು ಅಪರಿಚಿತರು ತಪ್ಪಿಲ್ಲದೆ ಪಾಲಿಸುವ ಒಂದೇ ಒಂದು ಸಾಲು ಬರೆದು ತೋರಿಸಿ. ಹೌಸಿಯಂತೆ! ನಿಯಮ, ಸ್ವಾಮಿ, ನಿಯಮ. ಎಷ್ಟು ಸಲ ಹೇಳಲಿ?

ಕುಕ್ಕರ್ ಕೂಗಿತು. ಮೂರನೆಯ ಕೂಗಿಗೆ ನಾನು ಒಲೆ ಆರಿಸಬೇಕು, ಮನೆಯವಳ ನಿಯಮ. ನಡುವೆ ಒಮ್ಮೆ ಬರೀ ಬುಸ್ ಎಂದು ಸುಮ್ಮನಾಗಿತ್ತು, ಅದನ್ನು ಎಣಿಸಬೇಕೋ ಬೇಡವೋ ಅವಳು ಹೇಳಿಲ್ಲ. ಕೇಳಿಕೊಂಡು ಬರುತ್ತೇನೆ.